ಳಕಾರದ ತಾಲೀಮು

ನಮ್ಮ ಮನೆಯಲ್ಲಿ ತಾಲೀಮ್ ಅಂದರೆ ವಿದ್ಯೆ. ಊರ ಓಣಿಯಲ್ಲಿ ತಾಲೀಮು ಅಂದರೆ ಕುಸ್ತಿ, ಇಲ್ಲವೇ ನಾಟಕದ ಅಭ್ಯಾಸ. ಅರಬ್ಬಿಯಿಂದ ಹೊರಟ ಒಂದೇ ಪದ. ಹಾಗಾಗಿ ನಾಲ್ಕು ವರ್ಷದ ಹಿಂದಿನ ಬೇಸಿಗೆಯ ಒಂದು ರಾತ್ರಿ, 42ರ ನಾನು ಊಟ ಮುಗಿಸಿ ‘ತಾಲೀಮಿಗೆ ಹೊರಟೆ ಅಮ್ಮಿ’ ಅಂದಾಗ, ಮಸೀದಿಯಲ್ಲಿ ದೊಡ್ಡವರಿಗೂ ಕುರ್‌ಆನ್ ಪಾಠ ಶುರುವಾಗಿದೆಯೆಂದು ಆಕೆ ತಿಳಿದಳು. ಎಂಟು ದಿನ ನಾನು ಆ ಸಂತೋಷ ಕೆಡಿಸಲಿಲ್ಲ.

ಹೋಗುತ್ತಿದ್ದುದು ಸಣ್ಣಾಟ ಕಲಿಯಲು. ದೊಡ್ಡಾಟದ ರಾಜ, ರಾಕ್ಷಸ, ಕಿರೀಟಗಳು ಇದರಲ್ಲಿಲ್ಲ. ನಮ್ಮ ನಿಮ್ಮಂಥವರದೇ ಕತೆ. ಆಟ ‘ಸಂಗ್ಯಾ ಬಾಳ್ಯಾ’. ನಮ್ಮ ಬೈಲಹೊಂಗಲ ಸೀಮೆಯಲ್ಲೇ ನಡೆದ ಕೊಲೆ. ಪತ್ತಾರ ಮಾಸ್ತರರು ಆಟ ಕಟ್ಟಿದರೆಂದು ಹೇಳುತ್ತಾರೆ. ಈರ್ಯಾ ಶೆಟ್ಟಿಯ ಹೆಂಡತಿ ಗಂಗಿಗೆ ಮನಸೋತ ಸಂಗ್ಯಾನನ್ನು ಜೀವದ ಗೆಳೆಯ ಬಾಳ್ಯಾನೇ ಹಿಡಿದುಕೊಡುತ್ತಾನೆ.

ಕಲಿಯಲು ಬಂದವರು ಹಮಾಲರು, ಟೇಲರ್, ಒಬ್ಬ ಕಂಡಕ್ಟರ್, ಸುಗ್ಗಿ ಮುಗಿಸಿದ ರೈತರು. ಯಾರೂ ಬಣ್ಣ ಹಚ್ಚಿದವರಲ್ಲ. ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲೇ ರಂಗಶಿಕ್ಷಣ ಕೇಂದ್ರ ತೆರೆದಿತ್ತು, ಸರಿ. ಸಂಸಾರ ಬಿಟ್ಟು ಅಲ್ಲಿಗೆ ಹೋಗುವವರಾರು? ನಮಗೆ ಸಿಕ್ಕವರು ರಾಮದುರ್ಗದ ಕಡೆಯ ಮಾಸ್ತರರು, ಮಗ್ಗ ಬಿಟ್ಟ ನೇಕಾರರು. ಓದು ಅಷ್ಟಕ್ಕಷ್ಟೆ, ಇಡೀ ಆಟ ಬಾಯಲ್ಲಿ. ಹೊಸಬರಿಗೆ ನೇರ ಪಾತ್ರ ಕೊಡುತ್ತಿರಲಿಲ್ಲ. ಮೊದಲು ಹಿಮ್ಮೇಳದಲ್ಲಿ ನಿಂತು ದಪ್ಪಿನ ಪೆಟ್ಟಿಗೆ ಪಲ್ಲವಿ ಹೇಳಬೇಕು. ಒಬ್ಬನ ತಪ್ಪು ನಾಲ್ವರ ದನಿಯಲ್ಲಿ ಮುಚ್ಚಿಹೋಗಿ, ನಾಚಿಕೆ ಅರ್ಧ ಅಲ್ಲೇ ಕರಗುತ್ತಿತ್ತು.

ನನಗೆ ಈರ್ಯಾನ ಪಾತ್ರ ಬಂತು. ಎದ್ದು ನಿಂತು ಕೂಗಿದೆ: ‘ಬಾಲ್ಯಾ!’

‘ಶೆಟ್ಟರು ಸಣ್ಣವರಿದ್ದಾಗಿಂದು ನೆನಸಾಕತ್ತಾರ’ ಅಂದ ಕಂಡಕ್ಟರ್. ಎಲ್ಲರೂ ನಕ್ಕರು.

7ನೇ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಕಲಿತವನು ನಾನು. ಉರ್ದುವಿನಲ್ಲಿ ಳ ಇಲ್ಲ. ಇಪ್ಪತ್ತು ವರ್ಷದಿಂದ ಕನ್ನಡದಲ್ಲಿ ಕತೆ ಬರೆಯುತ್ತಿದ್ದೇನೆ, ಕಾಗದದ ಮೇಲೆ ಒಂದು ಳ ತಪ್ಪಿಲ್ಲ. ಸಿಟ್ಟು ಬಂದಾಗ ಮಾತ್ರ ನಾಲಿಗೆ ಹಳೆಯ ಶಾಲೆಗೆ ಓಡುತ್ತದೆ. ಈ ಸೀಮೆಯ ರಂಗದ ಮೇಲೆ ಳ ಇಲ್ಲದೆ ಗತಿಯೂ ಇಲ್ಲ. ಕಿತ್ತೂರಿನ ನಾಟಕವೆಂದರೆ 1824ರ ಯುದ್ಧದಲ್ಲಿ ಥ್ಯಾಕರೆಯನ್ನು ಹೊಡೆದ ಅಮಟೂರ ಬಾಳಪ್ಪ ಬರಬೇಕು. ನಾಟಕದವರಲ್ಲಿ ದೊಡ್ಡ ಹೆಸರು ಕೇಳಿದರೆ ಸವದತ್ತಿ ತಾಲೂಕಿನ ಏಣಗಿ ಬಾಳಪ್ಪ (1914–2017). ಹುಡುಗನಿದ್ದಾಗ ಹೆಣ್ಣುಪಾತ್ರ ಮಾಡಿ ಮೇಲೆ ಬಂದವರು.

‘ಹಂಗ ಇರ್ಲಿ ಬಿಡ್ರಿ, ಜನಾ ಚೊಲೋ ನಗತಾರ’ ಅಂದ ಒಬ್ಬ. ಕೆಟ್ಟ ಮನಸ್ಸಿನಿಂದಲ್ಲ. ಆದರೆ ನನಗೆ ಅಬ್ಬಾ ನೆನಪಾದರು. ಹಿಂದೊಮ್ಮೆ ಜಾತ್ರೆಯ ನಾಟಕವನ್ನು ನಡುವೆಯೇ ಬಿಟ್ಟು ಎದ್ದು ಬಂದಿದ್ದರು. ಅದರಲ್ಲೊಬ್ಬ ಸಾಬಿ, ತಪ್ಪು ಕನ್ನಡ ಮಾತಾಡಿ ನಗಿಸುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ.

ಮಾಸ್ತರರು ದಪ್ಪು ಕೆಳಗಿಟ್ಟರು. ‘ಇದು ನಗೂ ಜಾಗಾ ಅಲ್ಲ. ಶೆಟ್ಟಿ ಮನಿ ಮುರದೈತಿ. ಸಾಹೇಬ್ರ, ನಾಲಿಗಿ ತುದಿ ಮ್ಯಾಲಕ್ಕ ಮಡಚ್ರಿ. ಮಾತಿನ್ಯಾಗ ಬರಲಿಲ್ಲಂದ್ರ ಹಾಡ್ರಿ.’

ಹಾಡಿದೆ. ಆ ರಾತ್ರಿ ಎಷ್ಟು ಸಲವೋ ಲೆಕ್ಕವಿಲ್ಲ. ರಾಗದಲ್ಲಿ ಬಂದ ಳ ಮೆಲ್ಲಗೆ ಮಾತಿಗೂ ಇಳಿಯಿತು.

ಮರುದಿನ ಅಮ್ಮಿಗೆ ನಿಜ ಹೇಳಿದೆ. ಆಟ ಹರಾಮೋ ಹಲಾಲೋ ಎಂಬ ಮಾತನ್ನೇ ಆಕೆ ಎತ್ತಲಿಲ್ಲ. ‘ಲೋಗಾಂ ಹಸ್ತೇ ಬೇಟಾ’ ಅಂದಳು. ಜನ ನಗುತ್ತಾರಲ್ಲ, ಅಷ್ಟೇ ಆಕೆಯ ಚಿಂತೆ. ಆಟ ನೋಡಲು ಬರುವುದಿಲ್ಲವೆಂದಳು, ಬರಲೂ ಇಲ್ಲ.

ಆಟ ಮುಗಿದಾಗ ನಸುಕು. ಅರ್ಧ ಬಣ್ಣ ಒರೆಸಿಕೊಂಡು ಮನೆಗೆ ಬಂದರೆ ಅಮ್ಮಿ ಕಟ್ಟೆಯ ಮೇಲೆ ಎಚ್ಚರವಾಗಿಯೇ ಕೂತಿದ್ದಳು. ಲೌಡ್‌ಸ್ಪೀಕರು ಇಡೀ ಆಟವನ್ನು ನಮ್ಮ ಬಾಗಿಲಿಗೆ ತಂದು ಹಾಕಿತ್ತು.

‘ಎರಡು ಕಡೆ ತಪ್ಪಿದಿ’ ಅಂದಳು. ‘ಯಾರೂ ನಗಲಿಲ್ಲ.’

ಚಹಾಕ್ಕಿಡಲು ಒಳಗೆ ಹೋದವಳು ಬಾಗಿಲಲ್ಲಿ ತಿರುಗಿ ನಿಂತು ಕೇಳಿದಳು: ‘ಆಮೇಲೆ ಆ ಬಾಲ್ಯಾನಿಗೆ ಏನು ಮಾಡಿದರು?’