ಲಿವರ್ ಮೇಲಿನ ಎರಡು ಪದ

ಎರಿ ಹೊಲದ ದಾರಿಯಲ್ಲಿ ಮಳೆ ಬಂದರೆ ಸೈಕಲ್ ನಮ್ಮನ್ನು ಹೊರುವುದಿಲ್ಲ, ನಾವೇ ಸೈಕಲ್ಲನ್ನು ಹೊರಬೇಕು. ನವಲಗುಂದದ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೆಲವು ವರ್ಷಗಳ ನಂತರ ನಾನು ಎಂಟಕ್ಕೆ ಬಂದಾಗ ನನಗೂ ಒಂದು ಸಿಕ್ಕಿತು. ಅದರ ಬ್ರೇಕಿನ ರಬ್ಬರು ರಿಮ್ಮಿನ ಎರಡೂ ಬದಿಗೆ ಕೂತಿರುತ್ತಿತ್ತು. ಹಸಿ ಎರಿಮಣ್ಣು ಗಾಲಿಯ ಜೊತೆ ಸುತ್ತಿ ಬಂದು ಸರಿಯಾಗಿ ಅಲ್ಲಿಯೇ ತುಂಬುತ್ತಿತ್ತು. ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಜಾಲಿ ಕಟ್ಟಿಗೆಯಿಂದ ಮಣ್ಣು ಕೆದರುವುದು, ಮತ್ತೆ ನಾಲ್ಕು ಮಾರು ಹೋಗುವುದು. ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದಿರುತ್ತಿತ್ತು.

ಅದಕ್ಕೇ ಸಂಶೋಧನೆಗೆ ಸೇರಿ ಮೊದಲ ಫೆಲೋಶಿಪ್ ಹಣ ಕೈಗೆ ಬಂದಾಗ ಧಾರವಾಡದಲ್ಲಿ ಹಳೆಯದೊಂದು ಮೌಂಟನ್ ಬೈಕ್ ಕೊಂಡೆ. 1980ರ ನವಲಗುಂದ–ನರಗುಂದದ ರೈತ ಬಂಡಾಯವನ್ನು ಕಂಡವರ ನೆನಪುಗಳನ್ನು ದಾಖಲಿಸುವುದು ನನ್ನ ಕೆಲಸ. ಬಸ್ಸು ಬಿಡುವ ಊರುಗಳಿಗಿಂತ ಬಿಡದ ಊರುಗಳಲ್ಲೇ ಹೇಳುವವರು ಹೆಚ್ಚು. ಆ ಬೈಕಿನಲ್ಲಿ ನನ್ನನ್ನು ಸೆಳೆದದ್ದು ಅದರ ಬ್ರೇಕು. ಗಾಲಿಯ ನಡುವೆ, ಕೆಸರಿಗೆ ದೂರವಾಗಿ, ಒಂದು ತೆಳ್ಳನೆ ಉಕ್ಕಿನ ತಟ್ಟೆ. ಅದನ್ನು ಎರಡೂ ಬದಿಯಿಂದ ಹಿಡಿಯುವ ಕ್ಯಾಲಿಪರ್. ಲಿವರಿನಿಂದ ಕ್ಯಾಲಿಪರಿಗೆ ತಂತಿಯ ಬದಲು ಎಣ್ಣೆ ತುಂಬಿದ ಕೊಳವೆ. ಮಡ್‌ಗಾರ್ಡಿಗೆ ಕೆಸರು ಮೆತ್ತುವುದು ಇದರಲ್ಲೂ ತಪ್ಪಲಿಲ್ಲ, ಆದರೆ ಬ್ರೇಕು ಮಾತ್ರ ಒಂದೇ ಬೆರಳಿಗೆ ಮಾತು ಕೇಳುತ್ತಿತ್ತು.

ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ದಾಟಿಸುತ್ತದೆ. ಪ್ಯಾಸ್ಕಲನ ಈ ನಿಯಮವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಲಿವರಿನೊಳಗಿನ ಸಣ್ಣ ಪಿಸ್ಟನ್ ಎಣ್ಣೆಯನ್ನು ದೂಡುತ್ತದೆ, ಎಣ್ಣೆ ಕ್ಯಾಲಿಪರಿನ ದೊಡ್ಡ ಪಿಸ್ಟನ್ನುಗಳನ್ನು ದೂಡುತ್ತದೆ, ಅವು ಪ್ಯಾಡುಗಳನ್ನು ತಟ್ಟೆಗೆ ಒತ್ತುತ್ತವೆ. ಪ್ಯಾಡು ಸವೆದಷ್ಟೂ ಪಿಸ್ಟನ್ ತಾನೇ ಮುಂದೆ ಬಂದು ಕೂರುತ್ತದೆ. ತಂತಿಯ ಬ್ರೇಕಿನ ಹಾಗೆ ಆಗಾಗ ಬಿಗಿ ಮಾಡುವ ಕೆಲಸವಿಲ್ಲ. ಆದರೆ ಕೊಳವೆಯೊಳಗೆ ಒಂದು ಗುಳ್ಳೆ ಗಾಳಿ ಸೇರಿದರೂ ಲೆಕ್ಕ ತಪ್ಪುತ್ತದೆ. ಗಾಳಿ ಕುಗ್ಗುತ್ತದೆ, ಲಿವರ್ ಮೆತ್ತಗಾಗುತ್ತದೆ.

ನನ್ನ ಮುಂದಿನ ಬ್ರೇಕು ಎರಡನೇ ವರ್ಷ ಹಾಗೆ ಮೆತ್ತಗಾಯಿತು. ನಮ್ಮೂರಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುವ ಕಾಕಾನ ಬಳಿ ಒಯ್ದೆ. ಅವರು ತಿರುವಿ ಮುರುವಿ ನೋಡಿದರು. "ಎಣ್ಣಿ ಕಮ್ಮಿ ಆಗೇತಿ" ಎಂದರು. ಶೆಲ್ಫಿನಿಂದ ಮೋಟಾರ್ ಸೈಕಲ್ಲಿನ ಬ್ರೇಕ್ ಎಣ್ಣೆಯ ಬಾಟಲಿ ಇಳಿಸಿ, ಮುಚ್ಚಳ ತೆಗೆಯುವ ಮೊದಲು ಕೈ ತಡೆದು ನನ್ನ ಮುಖ ನೋಡಿದರು. "ಇದಽ ನಡೀತೈತೇನವಾ? ನೀ ಓದಿದಾಕಿ, ನೋಡಿ ಹೇಳು."

"ನಡೀತೈತಿ ಕಾಕಾ, ಬ್ರೇಕ್ ಎಣ್ಣಿ ಅಂದ್ರ ಎಲ್ಲಾ ಒಂದಽ" ಎಂದೆ.

ಲಿವರಿನ ಮೇಲೆಯೇ ಎರಡು ಪದ ಕೊರೆದಿದ್ದವು: ಮಿನರಲ್ ಆಯಿಲ್. ಐದು ನೂರು ಪುಟದ ಸರ್ಕಾರಿ ವರದಿಯಲ್ಲಿ ಅಡಿಟಿಪ್ಪಣಿಯನ್ನೂ ಬಿಡದೆ ಓದುವವಳು ನಾನು. ಈ ಎರಡು ಪದ ಓದಲಿಲ್ಲ.

ಮೋಟಾರ್ ಸೈಕಲ್ಲಿನ ಬಾಟಲಿಯಲ್ಲಿ ಇರುವುದು ಡಾಟ್ ದ್ರವ, ಗ್ಲೈಕಾಲ್ ಜಾತಿಯದು. ಮಿನರಲ್ ಆಯಿಲ್ ಪೆಟ್ರೋಲಿಯಂ ಜಾತಿಯದು. ಇವೆರಡೂ ಒಂದೇ ಬ್ರೇಕಿನೊಳಗೆ ಬಾಳಲಾರವು. ಒಂದಕ್ಕೆಂದು ಮಾಡಿದ ರಬ್ಬರ್ ಸೀಲು ಇನ್ನೊಂದನ್ನು ಕುಡಿದರೆ ಉಬ್ಬಿ ಕೆಡುತ್ತದೆ. ಹಾಕಿದ ದಿನ ಏನೂ ಗೊತ್ತಾಗುವುದಿಲ್ಲ, ಮೋಸ ಇರುವುದೇ ಅಲ್ಲಿ. ನನ್ನ ಲಿವರೂ ಅಂದು ಗಟ್ಟಿಯಾಗಿಯೇ ಬಂತು. ಮೂರು ವಾರ ಕಳೆದ ಮೇಲೆ ಒತ್ತಿ ಬಿಟ್ಟಾಗ ಅದು ಸೋಮಾರಿಯ ಹಾಗೆ ನಿಧಾನ ಮರಳುತ್ತಿರುವುದನ್ನು ಗಮನಿಸಿದೆ. ಧೂಳಿರಬೇಕು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ತಮ್ಮ ಆಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದ. 2021ರಲ್ಲಿ ಗದಗಿನಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ ನಡೆದಾಗ ಅಣ್ಣಿಗೇರಿ ಮೇಲೆ ಬಸ್ಸು ಹಿಡಿದು ಹೋಗಿ ನೋಡಿಬಂದವನು. ಅಂದಿನಿಂದ ಅವನ ತಲೆಯಲ್ಲಿ ಅದೇ. ಒಂದು ಶನಿವಾರ ಬಂದು ನನ್ನ ಬೈಕು ಕೇಳಿದ, ಕೊಟ್ಟೆ. ಮರುದಿನ ಗೆಳೆಯರ ಜೊತೆ ಕಲಘಟಗಿ ದಾಟಿ ದೇವಿಕೊಪ್ಪದ ಕಾಡಿನ ಕಡೆ ಹೋದ. ನವಲಗುಂದದ ಎರಿ ಸೀಮೆ ಅಂಗೈಯಷ್ಟು ಸಮ. ಕಲಘಟಗಿಯ ಕಡೆ ಹಾಗಲ್ಲ, ಅಲ್ಲಿಂದ ಮಲೆನಾಡು ಶುರು. ಕೆಂಪು ಮಣ್ಣು, ಗರಸು, ಇಳಿಜಾರು. ಅಂಥ ಒಂದು ಇಳಿಜಾರಿನಲ್ಲಿ ಮುಂದಿನ ಬ್ರೇಕಿನ ಲಿವರ್ ಹ್ಯಾಂಡಲ್ಲಿಗೇ ತಾಗಿತು, ಬ್ರೇಕು ಹಿಡಿಯಲಿಲ್ಲ. ಹಿಂದಿನದನ್ನು ಜೋರಾಗಿ ಒತ್ತಿದ, ಗರಸಿನ ಮೇಲೆ ಗಾಲಿ ಜಾರಿತು. ಎಡ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿದರು. ಅದು ಮಣಿಕಟ್ಟಿನಲ್ಲೇ ಮುಗಿದದ್ದನ್ನು ಅವ್ವ ದೇವರ ಮೇಲೆ ಹಾಕಿದಳು.

ಆಸ್ಪತ್ರೆಯಲ್ಲಿ ತಮ್ಮ "ಅಕ್ಕಾ, ನಾನಽ ಜೋರ್ ಬಿಟ್ಟಿದ್ದೆ" ಎಂದ. ಊರಿಗೆ ಬಂದರೆ ಕಾಕಾ "ನನ್ನ ಕೈಯಿಂದ ಆತು" ಎಂದು ನೊಂದುಕೊಳ್ಳುತ್ತಿದ್ದರು. ತಪ್ಪನ್ನು ಹೊರಲು ಇಬ್ಬರು ತಯಾರಿದ್ದರು, ಮೂರನೆಯವಳಾಗಿ ಸುಮ್ಮನಿರುವುದು ಸುಲಭವಿತ್ತು. ಆ ರಾತ್ರಿ ಅಪ್ಪನ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಬಯ್ಯಲಿಲ್ಲ. "ಎತ್ತು ಕೊಂಡ್ರ ಅದು ಏನ್ ತಿಂತೈತಿ ಅಂತ ಮೊದ್ಲ ಕೇಳ್ತೀವಿ ಮಗಳ. ಇದಕ್ಕ ಏನ್ ಕುಡಸ್ತಾರ ಅಂತ ಯಾರ್ನೂ ಕೇಳಲಿಲ್ಲೇನ?" ಎಂದರು, ಅಷ್ಟೇ. ಮರುದಿನ ಕಾಕಾನ ಅಂಗಡಿಗೆ ಹೋಗಿ, ಅಲ್ಲಿ ಕೂತಿದ್ದ ನಾಲ್ಕು ಮಂದಿಯ ಮುಂದೆಯೇ, ತಪ್ಪು ನನ್ನದು ಎಂದೆ.

ಬ್ರೇಕು ಬಿಚ್ಚಿ ನೋಡಿದಾಗ ಸೀಲುಗಳು ಉಬ್ಬಿದ್ದವು, ಸೋರಿದ ಎಣ್ಣೆಯನ್ನು ಪ್ಯಾಡುಗಳು ಕುಡಿದಿದ್ದವು. ಲಿವರ್, ಕ್ಯಾಲಿಪರ್, ಪ್ಯಾಡು ಎಲ್ಲವನ್ನೂ ತೆಗೆದೊಗೆದೆವು. ಈಗ ಹೊಸದು ಯಾವುದು ಎಂಬ ಪ್ರಶ್ನೆ. ಕಾಕಾ ತಂತಿಯ ಡಿಸ್ಕ್ ಬ್ರೇಕಿನ ಪರ. ಅವರ ಮಾತು ತೆಗೆದುಹಾಕುವಂಥದಲ್ಲ. ತಂತಿ ಹರಿದರೆ ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ, ಹಾಕಲು ಹತ್ತು ನಿಮಿಷ ಸಾಕು. ನನ್ನ ಹಾಗೆ ಸಮ ನೆಲದಲ್ಲಿ ಊರೂರು ತಿರುಗುವವರಿಗೆ ಅದೇ ಸರಿ. ತಮ್ಮನಿಗೆ ಬೇಕಿದ್ದದ್ದು ಇಳಿಜಾರು. ಉದ್ದನೆಯ ಇಳಿಜಾರಿನಲ್ಲಿ ಬೆರಳು ಸೋಲದೆ, ಬೇಕಾದಷ್ಟೇ ಅಳೆದು ಹಿಡಿಯಲು ಎಣ್ಣೆಯ ಬ್ರೇಕೇ ಮೇಲು. ಆ ಬೈಕನ್ನು ಅವನಿಗೇ ಬಿಟ್ಟು ಎಣ್ಣೆಯದನ್ನೇ ಹಾಕಿಸಿದೆ. ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಾಲಕಾಲಕ್ಕೆ ಬದಲಿಸಲೇಬೇಕು, ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ. ಹಾಗಾಗಿ ಮಿನರಲ್ ಆಯಿಲಿನದನ್ನೇ ಆರಿಸಿದೆವು. ಪ್ಯಾಡು ಮಾತ್ರ ಲೋಹದ್ದು. ರಾಳದ ಪ್ಯಾಡು ಸದ್ದಿಲ್ಲದೆ ಹಿಡಿಯುತ್ತದೆ, ಆದರೆ ಕೆಸರಿನಲ್ಲಿ ಬೇಗ ಸವೆಯುತ್ತದೆ. ಲೋಹದ್ದು ಕಿರುಚಿದರೂ ಬಾಳುತ್ತದೆ. ತಟ್ಟೆಯೂ ಲೋಹದ ಪ್ಯಾಡಿಗೆ ತಕ್ಕದ್ದೇ ಇರಬೇಕು. ರಾಳಕ್ಕೆ ಮಾತ್ರ ಎಂದು ಬರೆದ ತಟ್ಟೆಗಳಿರುತ್ತವೆ. ಈ ಸಲ ಓದಿಯೇ ಕೊಂಡೆ.

ಒಂದು ಷರತ್ತು ಹಾಕಿದ್ದೆ. ಗಾಳಿ ತೆಗೆಯುವುದನ್ನು ನಾವು ಮೂವರೂ ಕಲಿಯಬೇಕು. ಕಾಕಾನ ಅಂಗಡಿಯಲ್ಲೇ ಕಲಿತೆವು. ಪ್ಯಾಡು ತೆಗೆದು, ಪಿಸ್ಟನ್ನುಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ ಇಟ್ಟು, ಕ್ಯಾಲಿಪರಿನ ಕಡೆಯಿಂದ ಸಿರಿಂಜಿನಲ್ಲಿ ಎಣ್ಣೆ ದೂಡಬೇಕು. ಲಿವರಿನ ಮೇಲೆ ಕೂರಿಸಿದ ಬಟ್ಟಲಿನಲ್ಲಿ ಗುಳ್ಳೆಗಳು ಒಂದೊಂದೇ ಏಳುತ್ತವೆ, ಗುಳ್ಳೆ ನಿಲ್ಲುವವರೆಗೂ ತಾಳ್ಮೆ ಬೇಕು. ಗಾಲಿ ಕಳಚಿಟ್ಟಾಗ ಲಿವರ್ ಒತ್ತಬಾರದು, ಪಿಸ್ಟನ್ನುಗಳು ಹೊರಗೆ ಬಂದುಬಿಡುತ್ತವೆ. ತಟ್ಟೆಯನ್ನು ಒರೆಸಲು ಸ್ಪಿರಿಟ್ ಸಾಕು, ಚೈನಿಗೆ ಹಾಕುವ ಎಣ್ಣೆ ಅದರ ಹತ್ತಿರವೂ ಸುಳಿಯಬಾರದು. ಹೊಸ ಪ್ಯಾಡು ಹಾಕಿದ ಕೂಡಲೇ ಇಳಿಜಾರಿಗೆ ಹೋಗಬಾರದು. ಸಮ ರಸ್ತೆಯಲ್ಲಿ ಇಪ್ಪತ್ತು ಸಲವಾದರೂ ವೇಗ ಹಿಡಿದು ನಿಧಾನಿಸಿ, ಪ್ಯಾಡಿಗೂ ತಟ್ಟೆಗೂ ಪರಿಚಯ ಮಾಡಿಸಬೇಕು.

ನನ್ನ ಸಂಶೋಧನೆಗೆ ಮಾತು ಕೊಡುವ ಹಿರಿಯರು ಎಷ್ಟೋ ಸಲ ನಡುವೆ ನಿಂತು "ಹೌದಲ್ಲೋ? ನೀ ಓದಿದಾಕಿ, ನಿನಗ ಗೊತ್ತಿರ್ತೈತಿ" ಎನ್ನುತ್ತಾರೆ. ಮೊದಲೆಲ್ಲ ತಲೆಯಾಡಿಸಿಬಿಡುತ್ತಿದ್ದೆ. ಕಾಕಾ ಮುಚ್ಚಳದ ಮೇಲೆ ಕೈ ತಡೆದು ನನ್ನ ಮುಖ ನೋಡಿದ ಆ ಗಳಿಗೆ ಈಗ ಅಡ್ಡ ಬರುತ್ತದೆ. "ಗೊತ್ತಿಲ್ಲ ಅಜ್ಜಾ, ನೀವಽ ಹೇಳ್ರಿ" ಎನ್ನುತ್ತೇನೆ.

ಕಾಕಾನ ಶೆಲ್ಫಿನಲ್ಲಿ ಈಗ ಎರಡು ಬಾಟಲಿಗಳು ದೂರ ದೂರ ನಿಂತಿವೆ. ಅವರ ಮಾತಿನಂತೆ ಚೀಟಿ ಬರೆದು ಅಂಟಿಸಿದವಳು ನಾನು. ಒಂದರ ಮೇಲೆ "ಮೋಟಾರ್ ಸೈಕಲ್ಲಿಗೆ ಮಾತ್ರ" ಎಂದಿದೆ. ಇನ್ನೊಂದರ ಮೇಲೆ: "ಸೈಕಲ್ಲಿಗೆ. ಮೊದಲು ಲಿವರ್ ಓದು."