ಕಲಬುರಗಿಗೆ ಆಡಿಟ್‌ಗೆ ಹೋಗಿದ್ದೆ

(1)
ನಾನು ಪಾರ್ಟ್ ಟೈಮ್ ಹೋಗೋ ಆಡಿಟರ್ ಆಫೀಸಿನ ಗ್ರೂಪಲ್ಲಿ ಮಾರ್ಚ್ ಮಧ್ಯದಲ್ಲಿ ಒಂದು ಮೆಸೇಜ್ ಬಿತ್ತು. "ಬೇಳೆ ಮಿಲ್ ಸ್ಟಾಕ್ ಆಡಿಟ್, ಕಲಬುರಗಿ, ನಾಲ್ಕು ದಿನ. ಯಾರು ಹೋಗ್ತೀರಿ?" ಹನ್ನೊಂದು ಜನ ಇರೋ ಗ್ರೂಪು. ಹನ್ನೊಂದು ನೀಲಿ ಟಿಕ್ ಬಂತು, ಉತ್ತರ ಒಂದೂ ಇಲ್ಲ. ಹಿಂದಿನ ತಿಂಗಳು ಮಂಗಳೂರು ಅಂದಾಗ ಎರಡು ನಿಮಿಷದಲ್ಲಿ ಏಳು ಜನ ಕೈ ಎತ್ತಿದ್ರು, ನೆನಪಿರಲಿ.

ನಾನು ಬರ್ತೀನಿ ಅಂದೆ. ಆಮೇಲೆ ಶುರುವಾಯ್ತು ಸಂತಾಪ ಸೂಚನೆ. "ಗುಲ್ಬರ್ಗಾನಾ? ಏನ್ ತಪ್ಪು ಮಾಡ್ದೆ?" "ಓಆರ್‌ಎಸ್ ತಗೊಂಡು ಹೋಗು." "ಅಲ್ಲಿ ನೋಡೋಕೆ ಏನಿದೆ?" ಕೊನೇ ಪ್ರಶ್ನೆ ಕೇಳಿದವರಲ್ಲಿ ಒಬ್ಬರೂ ಅಲ್ಲಿಗೆ ಹೋದವರಲ್ಲ.

ಹಾಸನದವರಿಗೆ ಇದು ಅರ್ಥ ಆಗುತ್ತೆ. ನಮ್ಮೂರಲ್ಲಿ ಸರ್ಕಾರಿ ನೌಕರಿಯವರಿಗೆ ಬಯ್ಯಬೇಕು ಅಂದ್ರೆ "ಗುಲ್ಬರ್ಗಕ್ಕೆ ಎತ್ತಿ ಹಾಕಿಸ್ತೀನಿ" ಅಂತಾರೆ. ಒಂದು ಇಡೀ ಊರನ್ನ ಶಿಕ್ಷೆ ಅಂತ ಬಳಸ್ತೀವಿ. ಆ ಊರಲ್ಲೇ ಹುಟ್ಟಿದವರು ಇದನ್ನ ಕೇಳಿಸ್ಕೊಂಡ್ರೆ ಹೇಗಿರುತ್ತೆ ಅಂತ ಯಾರಾದ್ರೂ ಯೋಚನೆ ಮಾಡಿದ್ದೀರಾ?

(2)
ನಾನು ಕೈ ಎತ್ತಿದ್ದಕ್ಕೆ ದಿನಕ್ಕೆ 350 ರೂಪಾಯಿ ಭತ್ಯೆ ಒಂದು ಕಾರಣ, ಸುಳ್ಳು ಯಾಕೆ ಹೇಳ್ಲಿ. ಇನ್ನೊಂದು ಕಾರಣ ಅಪ್ಪ.

ನಾನು ಮೂರನೇ ಕ್ಲಾಸಲ್ಲಿದ್ದಾಗ ಅಪ್ಪನಿಗೆ ಪ್ರಮೋಷನ್ ಆಗಿ ಅಲ್ಲಿಗೆ ಪೋಸ್ಟಿಂಗ್ ಆಯ್ತು. ಎರಡು ವರ್ಷ ನಾಲ್ಕು ತಿಂಗಳು. ಅಮ್ಮ, ನಾನು, ತಮ್ಮ ಹಾಸನದಲ್ಲೇ. ಅಪ್ಪ ಎರಡು ತಿಂಗಳಿಗೊಮ್ಮೆ ಬಸ್ಸಲ್ಲಿ ಬಂದು ಎರಡು ದಿನ ಇದ್ದು ಹೋಗ್ತಿದ್ರು. ಹೋಗುವಾಗ ಅದು ಗುಲ್ಬರ್ಗ, 2014ರ ನವೆಂಬರ್ 1ಕ್ಕೆ ಹೆಸರು ಬದಲಾಗಿ, ವಾಪಸ್ ಬರುವಾಗ ಕಲಬುರಗಿ. ನಮ್ಮನೇಲಿ ಮಾತ್ರ ಆ ಊರಿಗೆ ಹೆಸರೇ ಇರಲಿಲ್ಲ. ಅಮ್ಮ "ಅಲ್ಲಿ" ಅಂತಿದ್ರು, ಅಷ್ಟೇ. "ನಿಮ್ಮಪ್ಪ ಅಲ್ಲಿದ್ದಾಗ" ಅಂತ. ಆ ಎರಡು ವರ್ಷದ ಬಗ್ಗೆ ಅಪ್ಪ ಏನೂ ಹೇಳಿಲ್ಲ, ನಾವೂ ಕೇಳಿಲ್ಲ.

(3)
ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್ ಹತ್ತಿದ್ವಿ, ನಾನು ಮತ್ತು ಸೀನಿಯರ್ ಅಕ್ಕ. ಬೆಳಗಿನ ಜಾವ ಎಚ್ಚರ ಆದಾಗ ರೈಲು ವಾಡಿ ದಾಟಿ ಶಹಾಬಾದ್ ಹತ್ತಿರ ಇತ್ತು. ಬೋರ್ಡ್ ನೋಡಿ ನಗು ಬಂತು. ಅಜ್ಜಿ ಮನೆ ನೆಲ, ನಮ್ಮ ಹಳೇ ಸ್ಕೂಲಿನ ವರಾಂಡ, ಬಚ್ಚಲು ಕಟ್ಟೆ, ಎಲ್ಲದಕ್ಕೂ ಹಾಕಿದ್ದ ಆ ಬೂದು ಚಪ್ಪಡಿ, "ಶಾಬಾದ್ ಕಲ್ಲು" ಅಂತೀವಲ್ಲ, ಅದು ಈ ಊರಿಂದು. ಬೇಸಿಗೇಲಿ ಅಂಗಿ ಬಿಚ್ಚಿ ಆ ತಣ್ಣನೆ ನೆಲದ ಮೇಲೆ ಮಲಗಿದ್ದ ಪ್ರತಿ ಹಾಸನದ ಮಗುವೂ ಈ ಬಿಸಿಲೂರಿನ ಮೇಲೆ ಮಲಗಿದೆ!

(4)
ಬಿಸಿಲಿನ ವಿಷಯಕ್ಕೆ ಬರೋಣ, ಅದಿಲ್ಲದೆ ಆಗಲ್ಲ. ಮಾರ್ಚ್ ಕೊನೆಗೇ 40 ಡಿಗ್ರಿ. ಲಾಡ್ಜಿನ ಎಸಿ ಗಾಳಿಗಿಂತ ಶಬ್ದ ಜಾಸ್ತಿ ಕೊಡ್ತಿತ್ತು. ಮೊದಲನೇ ದಿನ ಮಧ್ಯಾಹ್ನ ಎರಡಕ್ಕೆ ನಾನು ರಸ್ತೆಗಿಳಿದೆ, ಸಿಮ್ ರೀಚಾರ್ಜ್ ಮಾಡಿಸೋಕೆ. ಅಂಗಡಿಯವರು ಹಣ ಕೂಡ ತಗೊಳ್ಳಲಿಲ್ಲ, ಮೊದಲು ಮಡಕೆ ಕಡೆ ತೋರಿಸಿದ್ರು. "ಇಂಥಾ ಬಿಸಲಾಗ ಎಲ್ಲಿಗಿ ಹೊಂಟೀರಿ ತಂಗಿ, ಕುಂದರ್ರಿ, ನೀರ್ ಕುಡೀರಿ."

ಆಮೇಲೆ ಗಮನಿಸಿದೆ. ಅಲ್ಲಿನ ಅಂಗಡಿಗಳ ಮುಂದೆ ಒದ್ದೆ ಬಟ್ಟೆ ಸುತ್ತಿದ ಮಡಕೆ, ಮೇಲೊಂದು ಲೋಟ. ಯಾರದ್ದು ಅಂತ ಕೇಳೋ ಹಾಗಿಲ್ಲ, ಕುಡಿದು ಹೋಗ್ತಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಆ ಕಡೆ ಜಿಲ್ಲೆಗಳ ಸರ್ಕಾರಿ ಆಫೀಸುಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ನಾವು ಹೋಗಿ ನಮ್ಮ ಹತ್ತೂವರೆಯಿಂದ ಐದೂವರೆ ಟೈಮ್‌ಟೇಬಲ್ ಹಾಕಿದ್ರೆ ತಲೆ ಸುತ್ತದೆ ಇರುತ್ತಾ? ಎರಡನೇ ದಿನದಿಂದ ನಾವೂ ಬದಲಾಯಿಸಿದ್ವಿ. ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು ಅಪ್ಪನ ಕೆರೆ ಸುತ್ತ ವಾಕಿಂಗ್, ಪಕ್ಕದಲ್ಲೇ ಶರಣಬಸವೇಶ್ವರ ಗುಡಿ. ತಿಂಡಿಗೆ ಸುಸಲಾ, ಜೊತೆಗೆ ಮಿರ್ಚಿ ಭಜಿ (ಬೆಳಗ್ಗೆ ಏಳಕ್ಕೆ ಮಿರ್ಚಿ! ಹೌದು. ತಿನ್ನಿ). ಎಂಟರಿಂದ ಒಂದರವರೆಗೆ ಮಿಲ್ಲು. ಒಂದರಿಂದ ನಾಲ್ಕು ಒಳಗೆ ಕೂತು ಲ್ಯಾಪ್‌ಟಾಪ್ ಕೆಲಸ. ಮತ್ತೆ ಸಂಜೆ ಮಿಲ್ಲು. ಊರು ಹೇಗೆ ಬದುಕುತ್ತೋ ಹಾಗೆ ಬದುಕಿದ್ರೆ ಅರ್ಧ ಕಷ್ಟ ಇಲ್ಲ. ಉಳಿದರ್ಧ ಇದ್ದೇ ಇದೆ, ಅದನ್ನ ಮುಚ್ಚಿಡಲ್ಲ.

(5)
ಈಗ ಮಿಲ್ಲು. ಬಿಕಾಂ ಗೆಳೆಯರೇ, ಈ ಭಾಗ ನಿಮಗೋಸ್ಕರ. ಪ್ರೋಸೆಸ್ ಕಾಸ್ಟಿಂಗ್ ಚಾಪ್ಟರ್ ನೆನಪಿದೆಯಾ? "ನಾರ್ಮಲ್ ಲಾಸ್ ಇಷ್ಟು ಪರ್ಸೆಂಟ್, ಸ್ಕ್ರ್ಯಾಪ್ ವ್ಯಾಲ್ಯೂ ಇಷ್ಟು" ಅಂತ ಕೊಟ್ಟಿರ್ತಾರಲ್ಲ? ನಾವು ಎಲ್ಲಿಂದ ಬಂತು ಅಂತ ಕೇಳದೆ ಕಳೆದು ಬಿಡ್ತೀವಿ. ನಾನು ಆ ನಾರ್ಮಲ್ ಲಾಸ್ ಮೇಲೆ ಕಾಲಿಟ್ಟು ನಿಂತೆ. ಅಕ್ಷರಶಃ. ಹೊಟ್ಟಿನ ರಾಶಿ, ಮೊಣಕಾಲವರೆಗೆ.

ಕಲಬುರಗಿಗೆ ತೊಗರಿ ಕಣಜ ಅಂತ ಹೆಸರು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಟ್ಯಾಗ್ ಕೂಡ ಸಿಕ್ಕಿದೆ. ತೊಗರಿ ಕಾಳು ನೇರ ಬೇಳೆ ಆಗಲ್ಲ. ಸ್ವಚ್ಛ ಮಾಡಬೇಕು, ಸಿಪ್ಪೆಗೆ ಗೀರು ಬೀಳಿಸಬೇಕು, ಎಣ್ಣೆ ಸವರಿ ರಾಶಿ ಹಾಕಿಡಬೇಕು, ಆಮೇಲೆ ಒಣಗಿಸಬೇಕು. ಆಗ ಮಾತ್ರ ಸಿಪ್ಪೆ ಬಿಟ್ಟು ಕಾಳು ಎರಡು ಹೋಳಾಗುತ್ತೆ. 100 ಕೆಜಿ ತೊಗರಿ ಹಾಕಿದ್ರೆ ಬೇಳೆ ಸಿಗೋದು ಹೆಚ್ಚುಕಡಿಮೆ 70ರಿಂದ 75 ಕೆಜಿ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಅದು ದನದ ಮೇವಿಗೆ ಮಾರಾಟ ಆಗುತ್ತೆ. ಅದೇ ನಮ್ಮ ಸ್ಕ್ರ್ಯಾಪ್ ವ್ಯಾಲ್ಯೂ. ಸ್ವಲ್ಪ ಭಾಗ ಯಾವ ಲೆಕ್ಕಕ್ಕೂ ಸಿಗಲ್ಲ, ತೇವಾಂಶ ಹೋಗಿಬಿಡುತ್ತೆ ಗಾಳಿಗೆ. ಅದಕ್ಕೇ ಪುಸ್ತಕದ ತೂಕಕ್ಕೂ ತಕ್ಕಡಿಯ ತೂಕಕ್ಕೂ ಒಂದಿಷ್ಟು ವ್ಯತ್ಯಾಸ ಇರಲೇಬೇಕು. ಒಂದು ಗ್ರಾಮೂ ವ್ಯತ್ಯಾಸ ಇಲ್ಲ ಅಂದ್ರೆ ಆಗ ಅನುಮಾನ ಪಡು ಅಂತ ಸೀನಿಯರ್ ಅಕ್ಕ ಹೇಳಿಕೊಟ್ಟರು. ಈ ಒಂದು ಮಾತಿಗೇ ರೈಲು ಚಾರ್ಜು ವಸೂಲಿ.

ಚೀಲ ಎಣಿಸೋದೂ ಒಂದು ವಿದ್ಯೆ. ಉದ್ದ, ಅಗಲ, ಎತ್ತರ ಗುಣಿಸಿ ಬರ್ಕೊಂಡು ಬರೋದಲ್ಲ. ಅಟ್ಟಿ ಮೇಲೆ ಹತ್ತಬೇಕು, ಯಾಕಂದ್ರೆ ನಡುವೆ ಟೊಳ್ಳು ಬಿಟ್ಟು ಸುತ್ತಲೂ ಚೀಲ ಜೋಡಿಸಿದ್ರೆ ಕೆಳಗಿಂದ ಗೊತ್ತಾಗಲ್ಲ. ಅಲ್ಲೊಂದು ಇಲ್ಲೊಂದು ಚೀಲ ಎಳೆಸಿ ತೂಕ ಹಾಕಿಸಬೇಕು. ನಾನು ಹತ್ತೋಕೆ ಪರದಾಡ್ತಿದ್ದಾಗ ಹಮಾಲರೊಬ್ಬರು 50 ಕೆಜಿ ಚೀಲ ಬೆನ್ನ ಮೇಲೆ ಹೊತ್ಕೊಂಡೇ ನನ್ನನ್ನ ದಾಟಿ ಮೇಲೆ ಹೋದ್ರು.

ಅಂಗಳದಲ್ಲಿ ಎಣ್ಣೆ ಸವರಿದ ತೊಗರಿ ಹರಡಿತ್ತು, ಹೆಂಗಸರು ಬರಿಗಾಲಲ್ಲಿ ಸಾಲು ಎಳೀತಾ ತಿರುವಿ ಹಾಕ್ತಿದ್ರು. ನಾನು "ಅಬ್ಬಾ ಏನ್ ಬಿಸಿಲು" ಅಂದೆ. ಮಿಲ್ಲಿನ ಸೂಪರ್‌ವೈಸರ್ ನಕ್ಕರು. "ಬಿಸಲಿಗಿ ಬೈಬ್ಯಾಡ್ರಿ ಮೇಡಂ. ಇದ್ರ ಮ್ಯಾಲೇ ನಮ್ಮ ಮಿಲ್ ನಡೀತದ. ಮೋಡ ಬಂತಂದ್ರ ನಮ್ಗ ನಿದ್ದಿ ಬರಲ್ಲ." ನಾವು ಕರೆಂಟ್ ಬಿಲ್ಲು, ಡೀಸೆಲ್ ಬಿಲ್ಲು ಎಲ್ಲ ಟಿಕ್ ಹಾಕಿದ್ವಿ. ಬಿಸಿಲಿಗೆ ಬಿಲ್ಲಿಲ್ಲ.

(6)
ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ನೀವು ಎಲ್ಲಿ ಇದ್ರಿ ಅಪ್ಪ ಇಲ್ಲಿ?" ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಶುರು ಮಾಡಿದ್ರು ನೋಡಿ, ನಲವತ್ತು ನಿಮಿಷ! ನಮ್ಮಪ್ಪ ಫೋನಲ್ಲಿ ಮೂರು ನಿಮಿಷದ ಮನುಷ್ಯ.

ಸೂಪರ್ ಮಾರ್ಕೆಟ್ ಹತ್ತಿರ ಒಂದು ರೂಮು, ಮೇಲೆ ತಗಡು. ಬೇಸಿಗೇಲಿ ಮಾಳಿಗೆ ಮೇಲೆ ನೀರು ಚೆಲ್ಲಿ ಮಲಗ್ತಿದ್ದದ್ದು. ಕೆಳಗಿನ ಮನೆ ಅಜ್ಜಿ ಶುರುವಿಗೆ ವಾರ ಎರಡು ವಾರ ನೋಡಿ, ಆಮೇಲೆ ಪ್ರತಿ ಭಾನುವಾರ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿ ಬಾಗಿಲಿಗೆ ತಂದಿಡ್ತಿದ್ದದ್ದು. ಬೇಡ ಅಂದ್ರೆ "ನಿನ್ನ ಮಕ್ಳು ಅಲ್ಲಿ ಉಣ್ಲತಾವ, ನೀ ಇಲ್ಲಿ ಉಪಾಸ ಇದ್ದೀ" ಅಂತ ಬಯ್ತಿದ್ರಂತೆ. ನನಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದಾಗ ಅಪ್ಪನಿಗೆ ಬಸ್ ಚಾರ್ಜಿಗೆ ದುಡ್ಡು ಕೊಟ್ಟಿದ್ದು ಆ ಅಜ್ಜಿಯಂತೆ.

"ಇದನ್ನೆಲ್ಲಾ ಯಾಕೆ ಹೇಳಲಿಲ್ಲ ಮನೇಲಿ?" ಅಂದೆ.
"ನಿಮ್ಮಮ್ಮ ಒಬ್ಬಳೇ ನಿಮ್ಮಿಬ್ಬರನ್ನ ಇಟ್ಕೊಂಡು ಒದ್ದಾಡ್ತಿದ್ಲು. ಅವಳ ಮುಂದೆ ನಾನು ಇಲ್ಲಿ ಚೆನ್ನಾಗಿದ್ದೀನಿ ಅನ್ನೋಕಾಗುತ್ತಾ?" ಅಂದ್ರು.

ಮರುದಿನ ಸಂಜೆ ಅಪ್ಪ ಹೇಳಿದ ಗಲ್ಲಿಗೆ ಹೋದೆ. ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಮೇಲೆ ಎರಡು ಮಹಡಿ. ಅಜ್ಜಿಯನ್ನ ಬಲ್ಲವರು ಯಾರೂ ಸಿಗಲಿಲ್ಲ. ಅಂಗಡಿ ಫೋಟೋ ಅಪ್ಪನಿಗೆ ಕಳಿಸಿದೆ. ಪಕ್ಕದ ಬೇವಿನ ಮರಕ್ಕೆ ಗೋಲ ಹಾಕಿ ವಾಪಸ್ ಕಳಿಸಿದ್ರು, "ಇದು ಇತ್ತು" ಅಂತ ಬರೆದು. ಮೂರನೇ ಫೋಟೋ ಅದೇ.

(7)
ಭಾನುವಾರ ಮಿಲ್ಲಿಗೆ ರಜೆ. "ನೋಡೋಕೆ ಏನಿದೆ" ಅಂದವರಿಗೆ ಇದು.

ಬೆಳಗ್ಗೆ ಕೋಟೆ. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ರಾಜಧಾನಿ ಇದೇ ಊರು, 1420ರ ದಶಕದಲ್ಲಿ ಬೀದರ್‌ಗೆ ಹೋಗೋವರೆಗೆ. ಒಳಗಿರೋ ಜಾಮಿ ಮಸೀದಿ 1367ರದ್ದು. ಸಾಮಾನ್ಯವಾಗಿ ದೊಡ್ಡ ಮಸೀದಿ ಅಂದ್ರೆ ನಡುವೆ ತೆರೆದ ಅಂಗಳ ಇರುತ್ತಲ್ಲ, ಇದಕ್ಕಿಲ್ಲ. ಇಡೀ ಕಟ್ಟಡಕ್ಕೆ ಚಾವಣಿ, ಮೇಲೆ ಸಾಲು ಸಾಲು ಗುಮ್ಮಟ. ಉರಿಯೋ ಬಿಸಿಲಿಂದ ಒಳಗೆ ಹೆಜ್ಜೆ ಇಟ್ಟ ತಕ್ಷಣ ಮೈ ತಣ್ಣಗಾಗುತ್ತೆ. ಕಮಾನುಗಳು ಒಂದರೊಳಗೊಂದು ಕಾಣ್ತಾ ಹೋಗ್ತವೆ, ಫೋಟೋದಲ್ಲಿ ಅದರ ಕಾಲುಭಾಗವೂ ಬಂದಿಲ್ಲ, ಕ್ಷಮಿಸಿ. ನಮ್ಮ ಬೇಲೂರು, ಹಳೇಬೀಡಲ್ಲಿ ರಜೆ ದಿನ ಕಾಲಿಡೋಕೆ ಜಾಗ ಇರಲ್ಲ. ಇಲ್ಲಿ ಒಂದು ಗಂಟೆ ನಾವಿಬ್ಬರೇ.

ಆಮೇಲೆ ಸೇಡಂ ಬಸ್ಸು ಹತ್ತಿ ಮಳಖೇಡಕ್ಕೆ ಹೋದ್ವಿ. ಸುಮಾರು 40 ಕಿಲೋಮೀಟರ್, ಶಕ್ತಿ ಯೋಜನೆ ಇರೋದ್ರಿಂದ ನಮ್ಮಿಬ್ಬರಿಗೂ ಟಿಕೆಟ್ ಸೊನ್ನೆ. ಕಾಗಿಣಾ ನದಿ ದಂಡೆ, ಒಂದು ಕೋಟೆ, ನೇಮಿನಾಥ ಬಸದಿ, ಆಡು, ದೂಳು. ಇದೇ ಮಾನ್ಯಖೇಟ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ರಾಜಧಾನಿ. ನಮಗೆ ಸಿಕ್ಕಿರೋ ಕನ್ನಡದ ಮೊದಲ ಗ್ರಂಥ 'ಕವಿರಾಜಮಾರ್ಗ' ಸುಮಾರು 850ರ ಹೊತ್ತಿಗೆ ಈ ಆಸ್ಥಾನದಲ್ಲಿ ಹುಟ್ಟಿದ್ದು. ಅದು ತಿರುಳ್ಗನ್ನಡದ ನಾಡು ಅಂತ ಗುರುತಿಸೋ ಊರುಗಳು ಯಾವುವು ಗೊತ್ತಾ? ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಅಂದ್ರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಎಲ್ಲಾ ಉತ್ತರದವು. ಹಾಸನ ಇಲ್ಲ, ಮೈಸೂರು ಇಲ್ಲ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ನಮ್ಮ ಕ್ಲಾಸಲ್ಲಿ ಆ ಕಡೆ ಹುಡುಗ ಒಬ್ಬ ಇದ್ದಾನೆ. ಮೊದಲ ಸೆಮ್‌ನಲ್ಲಿ ಅವನು "ಬರ್ಲತೀನಿ ಸರ್" ಅಂದಾಗ ಹಿಂದಿನ ಬೆಂಚುಗಳಿಂದ ನಗು ಬಂತು. ಎರಡು ಸಲ, ಮೂರು ಸಲ. "ಲೇ, ಕನ್ನಡದಲ್ಲಿ ಮಾತಾಡೋ" ಅಂದವರೂ ಇದ್ದಾರೆ, ಇದನ್ನ ಓದ್ತಾನೂ ಇದ್ದಾರೆ. ಈಗ ಅವನು ಕ್ಲಾಸಲ್ಲಿ ಬರೀ ಇಂಗ್ಲಿಷ್ ಮಾತಾಡ್ತಾನೆ, ಅಥವಾ ಮಾತಾಡೋದೇ ಇಲ್ಲ. ನಿಮಗೆ ಕನ್ನಡ ಯಾವುದು ಅಂತ ಹೇಳೋ ಅಧಿಕಾರ ಯಾರು ಕೊಟ್ರು ಮಾರಾಯ್ರೇ?

ಇನ್ನೊಂದು, ಇನ್ಕಮ್ ಟ್ಯಾಕ್ಸ್ ಪೇಪರ್‌ನವರಿಗೆ. ಹಿಂದೂ ಅವಿಭಕ್ತ ಕುಟುಂಬ ಅಂದಾಗ ಮಿತಾಕ್ಷರ ಪಂಥ ಅಂತ ಬಾಯಿಪಾಠ ಮಾಡ್ತೀವಲ್ಲ, ಆ 'ಮಿತಾಕ್ಷರ' ಬರೆದ ವಿಜ್ಞಾನೇಶ್ವರನ ಊರು ಇದೇ ಜಿಲ್ಲೆಯ ಮರತೂರು ಅಂತ ಅಲ್ಲಿನವರು ಹೆಮ್ಮೆಯಿಂದ ಹೇಳ್ತಾರೆ. ನಮ್ಮ ಪ್ಯಾನ್ ಕಾರ್ಡಿನವರೆಗೂ ಬಂದ ಕಾನೂನು, ಗುರು.

ಸಂಜೆ ಬಂದೇ ನವಾಜ್ ದರ್ಗಾ. ದಖನಿ ಉರ್ದು, ಕನ್ನಡ, ತೆಲುಗು, ಮರಾಠಿ ಎಲ್ಲ ಒಂದೇ ಚಪ್ಪಲಿ ಸ್ಟ್ಯಾಂಡಲ್ಲಿ ಕೇಳಿಸ್ತು. 1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ತು. ಪಠ್ಯದಲ್ಲಿ ಒಂದು ಸಾಲು ಓದಿದ್ದು, ಅಲ್ಲಿ ಕಿವಿಗೆ ಬಿತ್ತು.

(8)
ಕಲಬುರಗಿ ಸುಂದರ ಊರು ಅಂತ ನಾನು ಹೇಳಲ್ಲ. ಸ್ಟೇಷನ್ ರಸ್ತೆಯ ದೂಳು ಇನ್ನೂ ನನ್ನ ಬ್ಯಾಗಲ್ಲಿದೆ. ಆಟೋದವರು ಎಲ್ಲಾ ಊರಿನ ಆಟೋದವರ ಹಾಗೇ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಯಾವ ಇತಿಹಾಸವೂ ನಿಮ್ಮನ್ನ ಕಾಪಾಡಲ್ಲ. ಹೋಗೋದಾದ್ರೆ ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ. ಆಡಿಟ್‌ಗೆ ಹೋಗೋದಾದ್ರೆ ಆಯ್ಕೆ ಇಲ್ಲ, ಹತ್ತಿ ಬಟ್ಟೆ, ಟೋಪಿ, ಎರಡು ಲೀಟರ್ ಬಾಟಲ್.

ಹೊರಡೋ ದಿನ ಸ್ಟೇಷನ್ ಹತ್ತಿರ ಅಂಗಡೀಲಿ ಐದು ಕೆಜಿ ಬೇಳೆ ತಗೊಂಡೆ, ಭತ್ಯೆ ಉಳಿದಿದ್ದರಲ್ಲಿ. ಮನೇಲಿ ಅಮ್ಮ ಸಾರು ಮಾಡಿದ್ರು. ಅಪ್ಪ ಊಟಕ್ಕೆ ಕೂತು, ಪುಂಡಿಪಲ್ಯ ಹೇಗಿರುತ್ತೆ, ರೊಟ್ಟಿ ಹೇಗೆ ಬಡೀತಾರೆ ಅಂತ ಅಮ್ಮನಿಗೆ ಹೇಳೋಕೆ ಶುರು ಮಾಡಿದ್ರು. ಅಮ್ಮ ಸೌಟು ಹಿಡ್ಕೊಂಡು ನಿಂತೇ ಕೇಳಿದ್ರು. ಅಜ್ಜಿಯ ವಿಷಯ ಬಂದಾಗ ಕೂತ್ಕೊಂಡ್ರು.

ಮೇ ತಿಂಗಳಲ್ಲಿ ರಾಯಚೂರಲ್ಲಿ ಒಂದು ಆಡಿಟ್ ಇದೆಯಂತೆ. ಗ್ರೂಪಲ್ಲಿ ಮತ್ತೆ ಹನ್ನೊಂದು ನೀಲಿ ಟಿಕ್. ರಾಯಚೂರಿನವರು ಯಾರಾದ್ರೂ ಇದನ್ನ ಓದ್ತಿದ್ರೆ ಡಿಎಂ ಮಾಡಿ, ಬೆಳಗ್ಗೆ ಆರಕ್ಕೆ ಎಲ್ಲಿ ನಡೀಬಹುದು, ತಿಂಡಿ ಎಲ್ಲಿ ಚೆನ್ನಾಗಿರುತ್ತೆ, ಹೇಳಿ.