ಉಂಡು ಮಲಗಿದ ಮೇಲೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವರು ಯಾರೋ, ಉಂಡು ಮಲಗಿದ ಮೇಲೆ ಆ ಮನೆಯಲ್ಲಿ ಏನು ನಡೆಯಿತೆಂದು ಕಿವಿಗೊಟ್ಟಂತೆ ಕಾಣುವುದಿಲ್ಲ. ನನ್ನ ಪಾಲಿಗೆ ಬಂದದ್ದು ಅದೇ ಕೆಲಸ. ಒಂದು ತಾಲ್ಲೂಕು ಊರಿನ ಕುಟುಂಬ ಸಲಹಾ ಕೇಂದ್ರದಲ್ಲಿ 19 ವರ್ಷ ಕೂತು, ಬೆಳಗಾದ ಮೇಲೆ ಬಂದವರ ಮಾತು ಕೇಳಿದ್ದೇನೆ. ಕೇಂದ್ರವೆಂದರೆ ಭಾರಿ ಏನೂ ಅಲ್ಲ: ಒಂದು ಕೋಣೆ, ಒಂದು ಮೇಜು, ಒಂದು ಉದ್ದನೆಯ ಬೆಂಚು, ಬೀಗ ಹಾಕಿದರೂ ಬಾಗಿಲು ತೆರೆದುಕೊಳ್ಳುವ ಒಂದು ಬೀರು.

ಬಂದವರು ಕೇಳುತ್ತಿದ್ದದ್ದು ಒಂದೇ. "ಸ್ವಲ್ಪ ಬುದ್ಧಿ ಹೇಳಿ ಕಳಿಸಿ ಮೇಡಂ." ಬುದ್ಧಿ ಯಾರಿಗೆ ಎಂಬುದನ್ನು ಕೇಳಿದವರೇ ತೀರ್ಮಾನಿಸಿಕೊಂಡು ಬಂದಿರುತ್ತಿದ್ದರು. ತಿಂಗಳ ಕೊನೆಗೆ ಮೇಲಿನವರಿಗೆ ಕಳಿಸುವ ನಮೂನೆಯಲ್ಲಿ ನಾಲ್ಕು ಕಾಲಂ: ಬಂದ ಅರ್ಜಿ, ರಾಜಿಯಾದದ್ದು, ಕೋರ್ಟಿಗೆ ಹೋದದ್ದು, ಬಾಕಿ. ರಾಜಿ ಹೆಚ್ಚಿದ್ದರೆ ಒಳ್ಳೆಯ ಕೇಂದ್ರ. ರಾಜಿಯಾಗಿ ಹೋದವಳು ಮೂರು ತಿಂಗಳ ಮೇಲೆ ಹೇಗಿದ್ದಾಳೆ ಎಂದು ಬರೆಯಲು ಐದನೆಯ ಕಾಲಂ ಇರಲಿಲ್ಲ.

ಸಂಶೋಧನೆ ಮಾಡುವವರೂ ಆಗಾಗ ಬರುತ್ತಿದ್ದರು. ಪ್ರಶ್ನಾವಳಿ ತುಂಬಿಸಿಕೊಂಡು, ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಹೋದವರು ಮತ್ತೆ ಮುಖ ತೋರಿಸುತ್ತಿರಲಿಲ್ಲ. ಅವರ ಪ್ರಬಂಧ ಯಾವುದೋ ಲೈಬ್ರರಿಯಲ್ಲಿ ರಟ್ಟು ಹಾಕಿಸಿಕೊಂಡು ಕೂತಿರುತ್ತದೆ, ನಾವು ಇಲ್ಲಿ ಬೆಂಚಿನ ಮುಂದೆ ಕೂತಿರುತ್ತೇವೆ. ಎಂ.ಎಸ್.ಡಬ್ಲ್ಯು. ಓದುತ್ತಿದ್ದ ಒಬ್ಬ ಹುಡುಗಿ ಮಾತ್ರ ಪರೀಕ್ಷೆ ಮುಗಿಸಿ ವಾಪಸು ಬಂದಳು, ಕೈಯಲ್ಲಿ ಒಂದು ಜೆರಾಕ್ಸ್ ಕಟ್ಟು. "ನಿಮ್ಮಿಂದ ಇಷ್ಟೊಂದು ತಗೊಂಡು ಹೋದೆ ಮೇಡಂ, ಏನಾದರೂ ಕೊಡಬೇಕಲ್ಲ" ಅಂದಳು.

ಕಟ್ಟಿನಲ್ಲಿ ಇದ್ದದ್ದು ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ನರ್ಸ್ 1985ರಲ್ಲಿ ಸಿದ್ಧಪಡಿಸಿ ಆಮೇಲೆ ತಿದ್ದಿದ ಒಂದು ಪಟ್ಟಿ. ಗಂಡನಿಂದ ಪೆಟ್ಟು ತಿನ್ನುತ್ತಿರುವ ಹೆಂಗಸಿನ ಜೀವಕ್ಕೇ ಕುತ್ತು ಬರುವ ಸಂಭವವಿದೆಯೇ ಎಂದು ಅಳೆಯುವ 20 ಪ್ರಶ್ನೆಗಳು. ಜೊತೆಗೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು. ಒಮ್ಮೆ ಕತ್ತು ಹಿಸುಕಿಸಿಕೊಂಡ ಹೆಂಗಸು ಮುಂದೆ ಅದೇ ಗಂಡಸಿನ ಕೈಯಲ್ಲಿ ಕೊಲೆಯಾಗುವ ಸಂಭವ ಸುಮಾರು 7 ಪಟ್ಟು ಹೆಚ್ಚು ಎಂದು ಅದು ಹೇಳುತ್ತದೆ. ಗಂಡನನ್ನು ಬಿಟ್ಟು ಬಂದದ್ದೂ ಆ ಪಟ್ಟಿಯಲ್ಲಿ ಅಪಾಯದ ಲಕ್ಷಣವೇ. "ತವರಿಗೆ ಬಂದಿದ್ದಾಳಲ್ಲ, ಇನ್ನೇನು ಭಯ" ಎನ್ನುವವರು ನಮ್ಮಲ್ಲಿ ಎಷ್ಟು ಜನ!

ಅವಳೂ ನಾನೂ ಕೂತು ಕನ್ನಡಕ್ಕೆ ಇಳಿಸಲು ಹೊರಟೆವು. ಬಂದೂಕಿದೆಯೇ ಎಂಬ ಪ್ರಶ್ನೆ ನಮ್ಮ ಬಯಲುಸೀಮೆಗೆ ಹೊಂದಲಿಲ್ಲ (ಮಲೆನಾಡಿನ ತೋಟದ ಮನೆಯವರು ಇಟ್ಟುಕೊಳ್ಳಲಿ). ಆ ಜಾಗಕ್ಕೆ ಮಚ್ಚು, ಸೀಮೆಎಣ್ಣೆ ಬಂದವು. ಕತ್ತಿನ ಪ್ರಶ್ನೆ ಬಹಳ ಸತಾಯಿಸಿತು. "ಕತ್ತು ಹಿಸುಕಿದ್ದಾರಾ?" ಅಂದರೆ ಎಲ್ಲರೂ "ಇಲ್ಲ" ಎನ್ನುತ್ತಿದ್ದರು. ಕತ್ತು ಹಿಸುಕುವುದೆಂದರೆ ಅವರ ಮಟ್ಟಿಗೆ ಸಾಯಿಸುವುದು, ತಾವು ಬದುಕಿದ್ದೇವಲ್ಲ. "ಕುತ್ತಿಗೆಗೆ ಕೈ ಹಾಕಿದ್ದರಾ? ಮಾರನೇ ದಿನ ಗಂಟಲು ಕಟ್ಟಿತ್ತಾ? ಉಗುಳು ನುಂಗೋಕೆ ಕಷ್ಟ ಆಯಿತಾ?" ಎಂದು ಬದಲಿಸಿದ ಮೇಲೆ ಉತ್ತರ ಬರತೊಡಗಿತು.

ಯಾರ ಮುಂದೆ ಕೇಳಬೇಕು ಎಂಬುದೂ ಪ್ರಶ್ನೆಯಷ್ಟೇ ಮುಖ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಆ ಅಂಕಿಯನ್ನು ನೋಡಿ ಬೆಚ್ಚಿದವರು ಅದನ್ನು ಪಡೆದ ರೀತಿಯನ್ನೂ ನೋಡಬೇಕು. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳುತ್ತಾರೆ, ಬೇರೆ ಯಾರೂ ಇಲ್ಲದಾಗಲೇ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಬೆಂಚಿನ ಮೇಲಾದರೋ ಅತ್ತೆ, ಮಾವ, ಗಂಡ, ಊರ ಹಿರಿಯರು ಇಬ್ಬರು, ತುದಿಯಲ್ಲಿ ಸೆರಗು ಹೊದ್ದ ಅವಳು. ಆದ್ದರಿಂದ ಗಂಡಿನ ಕಡೆಯವರನ್ನು ಮೊದಲು ಎದುರಿನ ಹೋಟೆಲಿಗೆ ಕಾಫಿಗೆ ಕಳಿಸುವ ಪದ್ಧತಿ ಮಾಡಿದೆವು. ಖರ್ಚು ನಮ್ಮದೇ.

ಹಾಗೆ ಒಂದು ದಿನ ಕಾಫಿಗೆ ಹೋದವನು ಬಹಳ ಮೆದುಮಾತಿನ ಮನುಷ್ಯ. ರಾಜಿಪತ್ರ ಬರೆದಾಗಿತ್ತು, ಸಹಿಯಷ್ಟೇ ಬಾಕಿ. ಅವಳ ಧ್ವನಿ ಒಡೆದಿತ್ತು. "ಶೀತ ಆಗೈತೆ ಅಕ್ಕಾ" ಅಂದಳು. ನಾನು ಕುತ್ತಿಗೆಯ ಪ್ರಶ್ನೆ ಕೇಳಿದೆ. ಬಹಳ ಹೊತ್ತು ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗು ಸರಿಸಿದಳು. ಅವತ್ತು ಸಹಿ ಬೀಳಲಿಲ್ಲ. ಅವಳನ್ನು ಹಿಂದಿನ ಬಾಗಿಲಿನಿಂದ ಆಸ್ಪತ್ರೆಗೆ, ಅಲ್ಲಿಂದ ಸಂರಕ್ಷಣಾಧಿಕಾರಿಯ ಬಳಿಗೆ ಕರೆದೊಯ್ದೆವು. ಊರ ಹಿರಿಯರು ನನ್ನನ್ನು ಮನೆಮುರುಕಿ ಎಂದರು. ತಿಂಗಳ ಸಭೆಯಲ್ಲಿ "ಏನು ಮೇಡಂ, ಈ ಸಲ ರಾಜಿ ಇಳಿದುಬಿಟ್ಟಿದೆ?" ಎಂಬ ಪ್ರಶ್ನೆಯೂ ಬಂತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕೆಳಗೆ ಬಂದ ನಿಯಮಗಳನ್ನು ತೆಗೆದು ಓದಿದೆ. ನ್ಯಾಯಾಲಯ ನೇಮಿಸಿದ ಆಪ್ತಸಲಹೆಗಾರರ ಮುಂದೆ ಗಂಡಸು ಹೊಡೆದದ್ದಕ್ಕೆ ಸಮರ್ಥನೆ ಕೊಡುವಂತಿಲ್ಲ, ಹೆಂಗಸು ಬಯಸಿದರೆ ಮಾತ್ರ ರಾಜಿಯ ಪ್ರಯತ್ನ ಎಂದು ಅದರಲ್ಲಿದೆ. ನ್ಯಾಯಾಲಯಕ್ಕೆ ಒಪ್ಪುವ ಮಾತು ನಮ್ಮ ಕೋಣೆಗೆ ಏಕೆ ಒಪ್ಪಬಾರದು? ಸಭೆ ಮುಂದಿನ ವಿಷಯಕ್ಕೆ ಹೋಯಿತು.

ವಿದ್ಯೆ ಮೇಲಿನಿಂದ ಕೆಳಕ್ಕೇ ಇಳಿಯಬೇಕೆಂದೇನೂ ಇಲ್ಲ. ಮುಂಬೈಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು 1984ರಲ್ಲಿ ಪೊಲೀಸ್ ಕಮಿಷನರ ಕಚೇರಿಯಲ್ಲೇ ಸಮಾಜಕಾರ್ಯಕರ್ತೆಯರನ್ನು ಕೂರಿಸಿ ಹೆಂಗಸರಿಗಾಗಿ ವಿಶೇಷ ಘಟಕ ತೆರೆದರು. ದಿನದಿನದ ಕೆಲಸದಿಂದ ಕಲಿತದ್ದನ್ನು ಬರೆದಿಟ್ಟದ್ದರಿಂದಲೇ ಅದು ಬೇರೆ ರಾಜ್ಯಗಳಿಗೂ ಹೋಯಿತು. ನಮ್ಮಂಥವರು ಬರೆಯುವುದಿಲ್ಲ, ಅಷ್ಟೇ. ಕೇಂದ್ರದ ಹೆಸರು ಅಚ್ಚಾದ ಚೀಟಿ ಸಿಕ್ಕಿದರೆ ಮನೆಯಲ್ಲಿ ಪೆಟ್ಟು ಬೀಳುತ್ತದೆ. ನಮ್ಮ ಕೇಂದ್ರದ ಆಯಾ ಇದಕ್ಕೆ ಉಪಾಯ ಹುಡುಕಿದಳು. ಫೋನ್ ನಂಬರನ್ನು ಟೈಲರ್ ಅಂಗಡಿಯ ಅಳತೆ ಚೀಟಿಯ ಮೇಲೆ, ರವಿಕೆಯ ಅಳತೆಗಳ ಜೊತೆ ಸೇರಿಸಿ ಬರೆದುಕೊಡುವುದು. ಯಾವ ಗಂಡಸೂ ಅದನ್ನು ಎರಡನೆಯ ಸಲ ನೋಡುವುದಿಲ್ಲ. ಆ ಹುಡುಗಿ ತನ್ನ ಪ್ರಬಂಧದಲ್ಲಿ ಇದಕ್ಕೆ ಒಂದು ಇಡೀ ಪುಟ ಕೊಟ್ಟಳು. ಆಯಾಗೆ ಓದಿ ಹೇಳಿದರೆ, "ಇದಕ್ಕೂ ಮಾರ್ಕ್ಸು ಕೊಡ್ತಾರಾ?" ಎಂದು ನಕ್ಕಳು.

ಪಕ್ಕದ ತಾಲ್ಲೂಕಿನ ಕೇಂದ್ರದವರು ಈಚೆಗೆ ಫೋನ್ ಮಾಡಿ ಪಟ್ಟಿ ಬರೆಸಿಕೊಂಡರು. ಕುತ್ತಿಗೆಯ ಪ್ರಶ್ನೆಗೆ ಬಂದಾಗ ತಡೆದರು. "ನಮ್ಮ ಕಡೆ ಹೀಗೆ ಕೇಳಿದರೆ ತಿಳಿಯೋದಿಲ್ಲ ಅಕ್ಕಾ, ಗೋಣು ಅಂತಾರೆ" ಅಂದರು. ಹಾಗೇ ಬರೆದುಕೊಳ್ಳಿ ಅಂದೆ, ನನ್ನ ಹಾಳೆಯ ಅಂಚಿನಲ್ಲೂ ಬರೆದುಕೊಂಡೆ.